ಅಣ್ಣ ಹಾಸಿದ ನೆಲ

ಅವರ ತಾಯಿ ಜನ ಕುಡಿದು ಕುಣಿಯಲು ಬರುವ ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿ ಗಾಜಿನ ಲೋಟ ತೊಳೆಯುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಇಬ್ಬರು ಗಂಡುಮಕ್ಕಳನ್ನೂ ಜೊತೆಗೇ ಕರೆತರುತ್ತಿದ್ದಳು. ಹಿಂಬಾಗಿಲ ಹತ್ತಿರ ಬಾಟಲಿ ಪೆಟ್ಟಿಗೆ ಬೋರಲು ಹಾಕಿ ಕೂರಿಸಿ, "ಅಲ್ಲಾಡಿದ್ರೆ ಕಾಲು ಮುರೀತೀನಿ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಗೋಡೆಯ ಆಚೆ ಜಾಝ್ ತಂಡ ನುಡಿಸುತ್ತಿರುತ್ತಿತ್ತು. ಆದರೆ ಆ ದಪ್ಪ ಗೋಡೆಯನ್ನು ದಾಟಿ ಬರುತ್ತಿದ್ದುದು ಬೇಸ್ ಎಂಬ ದೊಡ್ಡ ತಂತಿವಾದ್ಯದ ಧಂ ಧಂ ಒಂದೇ. ದೊಡ್ಡವನು ಗೋಡೆಗೆ ಬೆನ್ನೊತ್ತಿ ಕೂತು ಅದನ್ನೇ ಕೇಳುತ್ತಿದ್ದ. ಚಿಕ್ಕವನಿಗೆ ಅಷ್ಟು ತಾಳ್ಮೆಯಿಲ್ಲ. ಬಾಗಿಲು ತೆರೆದಾಗಲೆಲ್ಲ ಬೆಕ್ಕಿನ ಹಾಗೆ ನುಸುಳಿ, ಗಿಟಾರಿನವನ ಬೆರಳುಗಳನ್ನು ನೋಡಿಕೊಂಡು ಬರುತ್ತಿದ್ದ. ಹೀಗೆ ಒಬ್ಬ ಕೇಳಿ ಕಲಿತ, ಇನ್ನೊಬ್ಬ ನೋಡಿ ಕಲಿತ.

ಮುಂದೆ ಅಣ್ಣ ಕುರ್ಚಿ ಮೇಜು ಮಾಡುವ ಕಾರ್ಖಾನೆ ಸೇರಿದ. ಮುಚ್ಚಿಹೋದ ನಾಟಕಶಾಲೆಯ ನೆಲಮಾಳಿಗೆಯಲ್ಲಿ ಹೊಟ್ಟೆ ಸೀಳಿಕೊಂಡು ಬಿದ್ದಿದ್ದ ಆಳೆತ್ತರದ ಬೇಸೊಂದನ್ನು ಹೊತ್ತು ತಂದು, ಕಾರ್ಖಾನೆಯ ಅಂಟಿನಲ್ಲೇ ಅದನ್ನು ಕೂಡಿಸಿದ. ತಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮನೆಗೊಬ್ಬಳು ಸೊಸೆ ತಾರೋ ಅಂದ್ರೆ ಇದನ್ನ ತಂದಿದಾನೆ. ಇದಕ್ಕೆ ಮಲಗೋಕೆ ಜಾಗ ಎಲ್ಲಿದೆ?" ಎಂದಳು. ಜಾಗ ಇರಲಿಲ್ಲ. ಬೇಸು ಅಣ್ಣತಮ್ಮಂದಿರ ಹಾಸಿಗೆಗಳ ನಡುವೆ ಗೋಡೆಗೊರಗಿ ನಿಂತಿತು.

ದೊಡ್ಡವನದು ಎತ್ತರ, ಅಗಲ, ಮಾತು ಕಡಿಮೆ. ಚಿಕ್ಕವನು ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು, ಬಾಯಿ ಮಾತ್ರ ದೊಡ್ಡದು. ಸಂಗೀತದವರ ನಡುವೆ ಇಬ್ಬರಿಗೂ ಹೆಸರು ಬೀಳಲು ತಡವಾಗಲಿಲ್ಲ: ಕಂಬ ಮತ್ತು ಕಡ್ಡಿ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಊಟದ ಕೋಣೆಯಲ್ಲಿ ಪ್ರತಿ ಸಂಜೆ ಜಾಝ್ ನುಡಿಸುವ ತಂಡಕ್ಕೆ ಇಬ್ಬರೂ ಸೇರಿದರು. ತಂಡದ ಯಜಮಾನ ಟ್ರಂಪೆಟ್ ಊದುವವನು. ಅವನನ್ನು ಎಲ್ಲರೂ ತುತ್ತೂರಿ ಎಂದೇ ಕರೆಯುತ್ತಿದ್ದರು. ತನ್ನ ತುತ್ತೂರಿ ತಾನೇ ಊದಿಕೊಳ್ಳುವ ಆಸಾಮಿಯಾದರೂ ಕಿವಿ ಮಾತ್ರ ಅಪ್ಪಟ.

ಆ ಕೋಣೆಯಲ್ಲಿ ಕಡ್ಡಿ ದೊಡ್ಡ ಗಿಟಾರ್ ವಾದಕನಾದ. ಹಾಡು ಶುರುವಾಗಿ ತನ್ನ ಸರದಿ ಬಂತೆಂದರೆ, ಕಟ್ಟು ಬಿಚ್ಚಿದ ಕರುವಿನ ಹಾಗೆ ಎಲ್ಲೆಲ್ಲೋ ಓಡುತ್ತಿದ್ದ. ಮುಂದೆ ಯಾವ ಸ್ವರ ಬರುತ್ತದೆಂದು ಕೇಳುವವರಿಗಿರಲಿ, ಅವನಿಗೇ ಗೊತ್ತಿರುತ್ತಿರಲಿಲ್ಲ. ಆದರೂ ಸರಿಯಾದ ಕ್ಷಣಕ್ಕೆ ಸರಿಯಾದ ಜಾಗಕ್ಕೆ ಬಂದು ಇಳಿಯುತ್ತಿದ್ದ. ಊಟಕ್ಕೆ ಬಂದವರು ಚಮಚ ಕೆಳಗಿಟ್ಟು ಕೇಳುತ್ತಿದ್ದರು.

ಒಂದು ಸಲ ಯಾರೋ ಕೇಳಿದರು, "ಅಷ್ಟು ದೂರ ಹೋಗಿ ಮತ್ತೆ ಹೇಗಪ್ಪಾ ಲೆಕ್ಕ ತಪ್ಪದೆ ವಾಪಸ್ ಬರ್ತೀಯ?"

"ಲೆಕ್ಕ ಯಾರು ಇಡ್ತಾರೆ ಸ್ವಾಮಿ," ಎಂದ ಕಡ್ಡಿ. "ನಾನು ಎಲ್ಲಿ ಬಿದ್ರೂ ಅಣ್ಣ ಅಲ್ಲಿ ನೆಲ ಹಾಸಿರ್ತಾನೆ."

ತಮಾಷೆಗೆ ಹೇಳಿದ ಮಾತಾದರೂ ಸತ್ಯ ಅದೇ ಆಗಿತ್ತು. ಕಣ್ಣು ಮುಚ್ಚಿ ಓಡುವವನ ಕಾಲ ಕೆಳಗೆ ಅಣ್ಣ ಒಂದೊಂದೇ ಹಲಗೆ ಜೋಡಿಸುತ್ತ ಹೋಗುತ್ತಿದ್ದ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಅದರಿಂದ ಅವನಿಗೆ ಬೇಸರವೂ ಇರಲಿಲ್ಲ.

ತಾಯಿ ತೀರಿಕೊಂಡ ಮೇಲೆ ಮನೆಗೆ ಅತ್ತಿಗೆ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಸಾಣೆ ಹಿಡಿದು ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಮೂವರೂ ಇದ್ದರು, ಬೇಸೂ ಸೇರಿದರೆ ನಾಲ್ವರು. ಮದುವೆಯಾದ ಮೊದಲ ವಾರವೇ ಅವಳು ಗಂಡನಿಗೆ ಹೇಳಿದ್ದಳಂತೆ, "ಸವತಿ ಅಂತ ಒಪ್ಕೋತೀನಿ, ಆದ್ರೆ ಕಿಟಕಿಗೆ ಅಡ್ಡ ನಿಲ್ಲೋ ಹಾಗಿಲ್ಲ."

ಅವರಿಗೊಂದು ಒಳ್ಳೆಯ ಕಾಲ ಬಂದಿತ್ತು. ಒಂದು ಸಣ್ಣ ಕಂಪನಿಯವರು ಹೋಟೆಲಿಗೆ ಬಂದು ಕೇಳಿ, ತಂಡದ ರೆಕಾರ್ಡ್ ಮಾಡುತ್ತೇವೆ ಎಂದರು. ಧ್ವನಿಮುದ್ರಣದ ಕೋಣೆಯ ಗೋಡೆಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಉಸಿರು ಬಿಟ್ಟರೂ ಮೈಕಿಗೆ ಕೇಳಿಸುವಂತಿತ್ತು. ಅಲ್ಲಿ, ನೂರಾರು ಸಂಜೆ ನುಡಿಸಿದ್ದ ಒಂದು ಹಾಡಿನಲ್ಲಿ, ಕಂಬ ನಡುವಿನ ಭಾಗ ಮುಗಿದ ಮೇಲೆ ಅದನ್ನೇ ಮತ್ತೆ ನುಡಿಸಿದ. ಎಲ್ಲರೂ ನಿಲ್ಲಿಸಿದರು.

"ಅಷ್ಟು ಚೆನ್ನಾಗಿದೆಯಲ್ಲ, ಎರಡು ಸಲ ಕೇಳ್ಲಿ ಬಿಡಿ," ಎಂದ ಕಂಬ. ಎಲ್ಲರೂ ನಕ್ಕರು. ಮತ್ತೆ ನುಡಿಸಿದರು. ಆ ಸಲ ಸರಿಹೋಯಿತು. ರೆಕಾರ್ಡ್ ಹೊರಗೆ ಬಂತು, ತಿಳಿದವರು ಹೊಗಳಿದರು.

ಕೆಲವು ತಿಂಗಳಾದ ಮೇಲೆ ಹೋಟೆಲಿನಲ್ಲಿ ಒಂದು ಸಂಜೆ ಹಾಡು ಮುಗಿಯಿತು. ಎಲ್ಲರೂ ಕೈ ತೆಗೆದರು. ಕಂಬ ಒಬ್ಬನೇ ಮುಂದುವರಿಸಿದ, ಧಂ, ಧಂ, ಧಂ. ಇದೂ ಹಾಡಿನ ಭಾಗವಿರಬೇಕು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಕಡ್ಡಿ ತಿರುಗಿ ನೋಡಿದ. ಬೇರೆ ಯಾವುದೋ ನಿಲ್ದಾಣದಲ್ಲಿ ಇಳಿದು, ಬಸ್ಸು ಹೊರಟುಹೋದ ಮೇಲೆ ಸುತ್ತ ನೋಡುವವನ ಮುಖ ಅಣ್ಣನದಾಗಿತ್ತು.

ಅಂದಿನಿಂದ ಕಡ್ಡಿ ಮುಚ್ಚಿಹಾಕತೊಡಗಿದ. ತಿರುವು ಬರುವ ಮೊದಲೇ ತಲೆಯಾಡಿಸಿ ಸನ್ನೆ ಮಾಡುತ್ತಿದ್ದ. ಪಕ್ಕಕ್ಕೆ ಬಾಗಿ ಮುಂದಿನ ಸ್ವರದ ಹೆಸರನ್ನು ಪಿಸುಗುಟ್ಟುತ್ತಿದ್ದ. ಅಣ್ಣ ಪೂರ್ತಿ ದಾರಿ ತಪ್ಪಿದಾಗ ಗಿಟಾರಿನ ದಪ್ಪ ತಂತಿಗಳಲ್ಲಿ ತಾನೇ ಬೇಸಿನ ಕೆಲಸ ಮಾಡುತ್ತಿದ್ದ. ಹೀಗಾಗಿ ಅವನ ಸ್ವಂತ ಓಟ ನಿಂತಿತು. ಒಂದು ಕಣ್ಣು ಸದಾ ಅಣ್ಣನ ಕೈ ಮೇಲೆ. ಊಟಕ್ಕೆ ಬಂದವರು ಮತ್ತೆ ಚಮಚ ಕೈಗೆತ್ತಿಕೊಂಡರು.

ಅತ್ತಿಗೆಗೂ ಗೊತ್ತಾಗಿತ್ತು. ಗಂಡ ಕಾರ್ಖಾನೆಯಿಂದ ಬರುವಾಗ ಎರಡನೇ ಮಹಡಿಯವರ ಬಾಗಿಲು ಬಡಿದು, ಅವರು ತೆಗೆದರೆ "ನೀವು ಯಾಕೆ ನಮ್ಮ ಮನೇಲಿದೀರಿ?" ಎಂದು ಕೇಳಿದ್ದನಂತೆ. ಅವಳು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ರೋಗಕ್ಕೆ ಉದ್ದನೆಯ ಹೆಸರು ಹೇಳಿದರು, ಮದ್ದಿಗೆ ಯಾವ ಹೆಸರನ್ನೂ ಹೇಳಲಿಲ್ಲ.

ಅದೇ ಹೊತ್ತಿಗೆ ತಂಡಕ್ಕೆ ಊರೂರು ಸುತ್ತಿ ಕಛೇರಿ ಕೊಡುವ ಕರೆ ಬಂತು. ತುತ್ತೂರಿ ಕಡ್ಡಿಯನ್ನು ಹೋಟೆಲಿನ ಹಿಂದಿನ ಅಂಗಳಕ್ಕೆ, ತರಕಾರಿ ಸಿಪ್ಪೆಯ ಡಬ್ಬಗಳ ಹತ್ತಿರ ಕರೆದುಕೊಂಡು ಹೋದ.

"ನಾನೇನು ಕಿವುಡನಲ್ಲ ಕಣೋ," ಎಂದ. "ಅವನ ಕೆಲಸ ನೀನು ಮಾಡ್ತಿದೀಯ. ನಿನ್ನ ಕೆಲಸ ಯಾರೂ ಮಾಡ್ತಿಲ್ಲ."

"ಸುಸ್ತು ಅವನಿಗೆ. ಸರಿಹೋಗ್ತಾನೆ."

"ಸರಿಹೋಗಲ್ಲ. ನಿನಗೂ ಗೊತ್ತು." ತುತ್ತೂರಿ ಗೋಡೆ ನೋಡುತ್ತ ಹೇಳಿದ, "ಬೇಸಿಗೆ ಬೇರೆಯವನನ್ನ ಮಾತಾಡಿದೀನಿ. ನೀನು ಬರಬೇಕು. ಬರ್ತೀಯೋ ಇಲ್ವೋ ಅಷ್ಟು ಹೇಳು."

ಕಡ್ಡಿ ಮನೆಗೆ ಬಂದು ಅತ್ತಿಗೆಯ ಮುಂದೆ ಕೂತ. ಅವಳು ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. "ಹೋಗು. ಒಬ್ಬರು ಮುಳುಗ್ತಿದಾರೆ ಅಂತ ಮನೆಮಂದಿಯೆಲ್ಲ ನೀರಿಗೆ ಹಾರ್ಬೇಕಾ?" ಎಂದಳು. ಪಕ್ಕದ ಕೋಣೆಯಿಂದ ಅಣ್ಣ ಬಂದ. ಅರ್ಧ ಕೇಳಿಸಿಕೊಂಡಿದ್ದ. ತಮ್ಮನ ಭುಜದ ಮೇಲೆ ಕೈಯಿಟ್ಟು, "ಹೊರಡು ಹೊರಡು. ಇಲ್ಲಿ ಸ್ವಲ್ಪ ಕೆಲಸ ಇದೆ, ಮುಗಿಸಿ ಬಂದು ಸೇರ್ಕೋತೀನಿ" ಎಂದ.

ಕಡ್ಡಿ ಹೋದ.

ಹೊಸ ಬೇಸಿನವನು ನರೆತ ಗಡ್ಡದ ಮನುಷ್ಯ, ಮಾತಿಗಿಂತ ಮುಗುಳ್ನಗೆ ಹೆಚ್ಚು. ಮೊದಲ ಊರಿನಲ್ಲಿ ಕಡ್ಡಿ ಅಳುಕಿಕೊಂಡೇ ನುಡಿಸಿದ. ಎರಡನೆಯದರಲ್ಲಿ ಮೈ ಸಡಿಲವಾಯಿತು. ಮೂರನೆಯ ಊರಿನ ದೊಡ್ಡ ಸಭಾಂಗಣದಲ್ಲಿ ಏನಾಯಿತೋ, ಬೆರಳಿಗೆ ರೆಕ್ಕೆ ಬಂದ ಹಾಗೆ ನುಡಿಸಿದ. ಜನ ಎದ್ದು ನಿಂತರು. ತುತ್ತೂರಿ ತನ್ನ ಸರದಿಯನ್ನೇ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತು ಕೇಳಿದ. ಕಡ್ಡಿ ತನ್ನ ಜೀವಮಾನದಲ್ಲೇ ಅದಕ್ಕಿಂತ ಚೆನ್ನಾಗಿ ನುಡಿಸಿದ್ದಿಲ್ಲ. ಕಛೇರಿ ಮುಗಿದ ಮೇಲೆ ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹಾಗೇ ನಿಂತ. ಅಣ್ಣನಿಲ್ಲದೆ ನುಡಿಸಲಾಗದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅಣ್ಣನಿಲ್ಲದೆ ಇನ್ನೂ ಚೆನ್ನಾಗಿ ನುಡಿಸಿದ್ದ. ಇದು ನುಂಗಲಾರದ ತುತ್ತಾಯಿತು.

ಮರುದಿನ ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದಳು. "ದಿನಾ ಬೇಸ್ ಹೊತ್ಕೊಂಡು ಹೋಟೆಲಿಗೆ ಹೋಗ್ತಾರೆ. ನೆಲಮಾಳಿಗೆ ಬಾಗಿಲಿಗೆ ಬೀಗ. ಅಲ್ಲೇ ನಿಂತಿರ್ತಾರೆ. ಬಾಗಿಲು ಕಾಯೋನು ಪಾಪ ಕರ್ಕೊಂಡು ಬಂದು ಬಿಡ್ತಾನೆ. ನೆನ್ನೆ ಬೇಸ್ ಇಲ್ಲದೆ ಬಂದ್ರು. ಹುಡುಕ್ಕೊಂಡು ಹೋದ್ರೆ ಬಸ್ ನಿಲ್ದಾಣದಲ್ಲಿ ಇತ್ತು. ಜನರ ಜೊತೆ ಸಾಲಲ್ಲಿ ನಿಂತಿತ್ತು ಕಣೋ, ಇನ್ನೇನು ಬಸ್ ಹತ್ತೋದೊಂದು ಬಾಕಿ." ಹೇಳುತ್ತ ಅವಳು ನಕ್ಕಳು. ನಗು ಹಾಗೇ ಅಳುವಿಗೆ ತಿರುಗಿತು. "ಅಂಗಡಿಗೆ ಹೋಗದೆ ನನಗೆ ಗತಿಯಿಲ್ಲ. ಬಾ ಅಂತ ಹೇಳ್ತಿಲ್ಲ. ಹೇಳ್ಬೇಕು ಅನ್ನಿಸ್ತು, ಹೇಳ್ದೆ."

ಕಡ್ಡಿ ಪೆಟ್ಟಿಗೆ ಕಟ್ಟಿದ. "ಈಗ ಹೋದ್ರೆ ಮತ್ತೆ ಕರೆಯೋಕಾಗಲ್ಲ," ಎಂದ ತುತ್ತೂರಿ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದ ವಿಷಯ ಇದ್ದ ಹಾಗೆ ಹೇಳಿದ್ದ. ಕಡ್ಡಿಯ ಜಾಗಕ್ಕೆ ಬೇರೊಬ್ಬ ಬಂದ, ತಂಡ ಹೆಸರು ಮಾಡಿತು. ಮುಂದಿನ ರೆಕಾರ್ಡುಗಳನ್ನು ಕಡ್ಡಿ ಕೊಳ್ಳಲಿಲ್ಲ, ಅಂಗಡಿಗಳ ಮುಂದೆ ಹಾದುಹೋಗುವಾಗ ಕೇಳಿಸಿದ್ದಷ್ಟೇ.

ಅವನು ಒಂದು ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದ. ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅಣ್ಣನ ಜೊತೆ ಅವನಿರುತ್ತಿದ್ದ, ಮಧ್ಯಾಹ್ನ ಅತ್ತಿಗೆ ಅಂಗಡಿಯಿಂದ ಬಂದು ಕೂರುತ್ತಿದ್ದಳು. ಸಂಗೀತದ ಕೋಣೆ ರಸಾಯನಶಾಸ್ತ್ರದ ಪ್ರಯೋಗಾಲಯದ ಪಕ್ಕಕ್ಕಿತ್ತು. ಏನು ನುಡಿಸಿದರೂ ಗಂಧಕದ ವಾಸನೆ. ಹತ್ತಾರು ಗಿಟಾರುಗಳಲ್ಲಿ ಆರೂ ತಂತಿ ಇದ್ದವು ಎರಡೇ. ಮುಖ್ಯೋಪಾಧ್ಯಾಯಿನಿ ಮೊದಲ ದಿನವೇ ಹೇಳಿದರು, "ಜಾಝ್ ಗೀಝ್ ಬೇಡ. ಮಕ್ಕಳು ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದ್ರೆ ಸಾಕು."

ಅದೇ ದೊಡ್ಡ ಕೆಲಸ ಎಂದು ಅವನಿಗೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಮೊದಲು ಸಿಡುಕುತ್ತಿದ್ದ. ಸ್ವರ ತಪ್ಪಿದರೆ ಹಲ್ಲು ನೋವು ಬಂದವನ ಹಾಗೆ ಮುಖ ಮಾಡುತ್ತಿದ್ದ. ಮಕ್ಕಳು ಆ ಮುಖವನ್ನು ಅನುಕರಿಸಿ ನಗುತ್ತಿದ್ದರು. ಒಬ್ಬ ಹುಡುಗಿ ಪ್ರತಿ ತಪ್ಪಿಗೂ ಒಂದು ಕಾರಣ ಇಟ್ಟುಕೊಂಡಿರುತ್ತಿದ್ದಳು.

"ಮೇಷ್ಟ್ರೇ, ಈ ಗಿಟಾರೇ ಸರಿಯಿಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನಿಜವಾಗ್ಲೂ ಡೊಂಕೇ ಮೇಷ್ಟ್ರೇ, ನೀವೇ ನೋಡಿ."

ಅವನು ಇಸಿದುಕೊಂಡು ನೋಡಿದ. ಗಿಟಾರಿನ ಕತ್ತು ನಿಜಕ್ಕೂ ಬಾಗಿತ್ತು. ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಅಂದಿನಿಂದ ಮಕ್ಕಳಿಗೂ ಅವನಿಗೂ ಹೊಂದಿಕೆಯಾಯಿತು. ನಿಧಾನವಾಗಿ ಪಾಠ ಹೇಳುವುದು ಕಲಿತ. ನುಡಿಸುವ ಮೊದಲು ಪಕ್ಕದವರದನ್ನು ಕೇಳಿ ಎಂದು ಹೇಳಿಕೊಡುತ್ತಿದ್ದ. ಕೆಲವರು ಕೇಳುತ್ತಿದ್ದರು.

ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ಅಣ್ಣನ ನೆನಪು ಎಷ್ಟು ಹೋದರೂ ಸಂಗೀತ ಹೋಗುವುದಿಲ್ಲ ಎಂದು ಕಡ್ಡಿ ನಂಬಿದ್ದ. ಹಾಗೆ ಆಗುತ್ತದಂತೆ ಎಂದು ಅವರಿವರು ಹೇಳಿದ್ದರು ಕೂಡ. ಒಂದು ಬೆಳಿಗ್ಗೆ, ಅಣ್ಣನಿಗೆ ತಿಂಡಿ ತಿನ್ನಿಸಿ ಬಾಯಿ ಒರೆಸಿ, ಗಿಟಾರ್ ತೆಗೆದು ಅವನಿಗೆ ಇಷ್ಟವಾದ ಹಳೆಯ ಹಾಡು ಶುರುಮಾಡಿದ. ಅಣ್ಣ ಮೊದಲು ತಲೆಯೆತ್ತಿ ಕೇಳಿದ. ಆಮೇಲೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ.

"ಹಿಡೀರಿ ಅವನನ್ನ!" ಎಂದು ಕೂಗಿದ. "ಬೀಳ್ತಾನೆ! ಕೆಳಗೆ ಏನೂ ಇಲ್ಲ, ಬೀಳ್ತಾನೆ!"

"ಯಾರು ಅಣ್ಣ? ಯಾರೂ ಇಲ್ಲ, ನಾನೇ, ನೋಡು..."

"ಯಾರಾದ್ರೂ ಹಿಡೀರಿ!" ಅಣ್ಣ ಕಿವಿ ಮುಚ್ಚಿಕೊಂಡು ಮಗುವಿನ ಹಾಗೆ ಅಳತೊಡಗಿದ.

ಕಡ್ಡಿಗೆ ಅರ್ಥವಾಯಿತು. ಆ ಹಾಡನ್ನು ಬೇಸಿಲ್ಲದೆ ಅಣ್ಣ ಈ ಮೊದಲು ಎಂದೂ ಕೇಳಿರಲಿಲ್ಲ. ಕೆಳಗೆ ಇರಬೇಕಾದದ್ದು ಇಲ್ಲ ಎಂದು ಅವನಿಗೆ ಇನ್ನೂ ಗೊತ್ತಾಗುತ್ತಿತ್ತು. ಅದನ್ನು ಹಾಸಬೇಕಾದವನು ತಾನೇ ಎಂಬುದು ಮಾತ್ರ ಹೊರಟುಹೋಗಿತ್ತು.

ಮರುದಿನ ಕಡ್ಡಿ ಬೇಸನ್ನೇ ತಂದು ಅಣ್ಣನ ಮುಂದೆ ನಿಲ್ಲಿಸಿ, ಅವನ ಕೈಯನ್ನು ತಂತಿಯ ಮೇಲಿಟ್ಟ. ಅಣ್ಣ ಅದರ ಭುಜ ಸವರಿದ. "ಪಾಪ, ಎಷ್ಟು ಹೊತ್ತಿಂದ ನಿಂತಿದಾರೆ. ಮಲಗಿಸ್ಬಾರದಾ?" ಎಂದ. ಇಬ್ಬರೂ ಸೇರಿ ಬೇಸನ್ನು ಹಾಸಿಗೆಯ ಮೇಲೆ ಮಲಗಿಸಿದರು. ಅಣ್ಣ ಹೊದಿಕೆ ಹೊದಿಸಿದ.

ಆಮೇಲೆ ಕಡ್ಡಿ ಮನೆಯಲ್ಲಿ ಗಿಟಾರ್ ಮುಟ್ಟಲಿಲ್ಲ. ಸದ್ದು ಬಾರದಂತೆ ಬಟ್ಟೆ ಕಟ್ಟಿ ನುಡಿಸಿ ನೋಡಿದ, ಗೋಡೆಯ ಆಚೆಯಿಂದಲೂ ಅಣ್ಣನಿಗೆ ಕೇಳಿಸುತ್ತಿತ್ತು. ಕೊನೆಗೆ ಗಿಟಾರನ್ನು ಶಾಲೆಗೆ ಕೊಂಡೊಯ್ದು ಬೀರುವಿನಲ್ಲಿಟ್ಟ. ತರಗತಿಗಳ ನಡುವೆ ಒಂದಿಷ್ಟು ನುಡಿಸುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ವರ್ಷಗಳು ಹೀಗೇ ಉರುಳಿದವು. ದಿನಕ್ಕೆಂಟು ಗಂಟೆ ಗಿಟಾರಿನ ಮೇಲೆ ಓಡುತ್ತಿದ್ದ ಬೆರಳುಗಳು ಈಗ ಅಣ್ಣನ ಅಂಗಿಯ ಗುಂಡಿ ಹಾಕುವುದರಲ್ಲಿ, ಉಗುರು ಕತ್ತರಿಸುವುದರಲ್ಲಿ, ಹಾಸಿಗೆಯ ಒದ್ದೆ ಬಟ್ಟೆ ಬದಲಿಸುವುದರಲ್ಲಿ ಪಳಗಿದವು.

ಅಣ್ಣ ಅವನನ್ನು ಹೋಟೆಲಿನ ಬಾಗಿಲು ಕಾಯುವವನೆಂದು ತಿಳಿದಿದ್ದ. ಬೆಳಿಗ್ಗೆ ಎದ್ದ ಕೂಡಲೇ ವಿನಯದಿಂದ ಕೇಳುತ್ತಿದ್ದ, "ಬಾಗಿಲು ಯಾವಾಗ ತೆಗೀತೀರಪ್ಪಾ?"

"ಸಂಜೆ ತೆಗೀತೀವಿ ಸಾರ್."

"ನನ್ನ ತಮ್ಮ ಬಂದ್ರೆ ಒಳಗೆ ಬಿಡಿ. ಸಣಕಲಾಗಿದಾನೆ, ಗಿಟಾರ್ ಇರತ್ತೆ."

"ಬಿಡ್ತೀನಿ ಸಾರ್."

ಅತ್ತಿಗೆ ಒಮ್ಮೆ ಇದನ್ನು ಕೇಳಿಸಿಕೊಂಡಳು. ಅಂದು ಅವಳು ಅಡುಗೆಮನೆಯಲ್ಲಿ ಕಡ್ಡಿಗೆ ಹೇಳಿದಳು, "ನನ್ನನ್ನ ಯಾರು ಅಂದ್ಕೊಂಡಿದಾರೋ ಗೊತ್ತಿಲ್ಲ. ನೀನಾದ್ರೂ ಕೆಲಸದಲ್ಲಿದೀಯ."

ಅಣ್ಣ ತೀರಿಕೊಂಡದ್ದು ಒಂದು ಮಧ್ಯಾಹ್ನ. ಕಡ್ಡಿ ತರಗತಿಯಲ್ಲಿದ್ದ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಬಂದು ನಿಂತರು. ಎಂದೂ ಬಾರದವರು ಬಂದದ್ದು ನೋಡಿ ಮಕ್ಕಳು ತಾವಾಗಿಯೇ ನಿಲ್ಲಿಸಿದರು. ಅವನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಹೊರಟ. ಮನೆಯಲ್ಲಿ ಅತ್ತಿಗೆ ಅಣ್ಣನ ಕಾಲ ಬಳಿ ಕೂತಿದ್ದಳು. "ನೀರು ಕುಡಿಸಿದೆ. ಕುಡಿದ್ರು. ಲೋಟ ಇಟ್ಟು ಬರೋಷ್ಟರಲ್ಲಿ..." ಎಂದಳು. ಕಡ್ಡಿಗೆ ಅಳು ಬರಲಿಲ್ಲ. ಅಣ್ಣನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಅದನ್ನು ಹಾಕಿದ.

ಅಂತ್ಯಕ್ರಿಯೆಗೆ ತುತ್ತೂರಿ ಬಂದಿದ್ದ. ಮುದುಕನಾಗಿದ್ದ. ಮುಂದಿನ ಹಲ್ಲುಗಳು ಹೋಗಿ ಕಟ್ಟಿಸಿಕೊಂಡಿದ್ದ, ಟ್ರಂಪೆಟ್ಟು ಮೊದಲಿನಂತೆ ಬಾಯಿಗೆ ಕೂರುತ್ತಿರಲಿಲ್ಲ. ತಂಡ ಒಡೆದು ಎಷ್ಟೋ ಕಾಲವಾಗಿತ್ತು. ಹೋಗುವಾಗ ಕಡ್ಡಿಯ ಕೈ ಹಿಡಿದು, "ಬಸ್ ಡಿಪೋ ಪಕ್ಕ ಒಂದು ಚಿಕ್ಕ ಹೋಟೆಲಲ್ಲಿ ಭಾನುವಾರ ಮಧ್ಯಾಹ್ನ ನುಡಿಸ್ತೀವಿ. ಬಾ," ಎಂದ. "ನಿನಗೆ ಮನಸ್ಸಾದಾಗ."

ಕಡ್ಡಿ ಬೀರುವಿನಿಂದ ಗಿಟಾರ್ ತಂದು, ತಂತಿ ಬದಲಿಸಿ, ಒಂದು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿದ. ಆಮೇಲೆ ಹೋದ. ಬೇಸಿಗೆ ಒಬ್ಬ ಹೊಸ ಯುವತಿ ಇದ್ದಳು, ಚುರುಕಾಗಿ ನುಡಿಸುತ್ತಿದ್ದಳು. ಎರಡನೆಯ ಹಾಡಿನಲ್ಲಿ ಅವನ ಸರದಿ ಬಂತು. ಸ್ವಲ್ಪ ದೂರ ಹೋದ. ತಲೆಯಲ್ಲಿ ಹೊಳೆದದ್ದಕ್ಕೂ ಬೆರಳಿಗೂ ನಡುವೆ ಒಂದು ಗಳಿಗೆಯ ಅಂತರ ಬಿತ್ತು. ಆ ಗಳಿಗೆಯಲ್ಲಿ ಹಾಡು ಮುಂದೆ ಹೋಯಿತು. ಅವನು ನಿಲ್ಲಿಸಿದ. ಯುವತಿ ಏನೂ ಆಗದವಳಂತೆ ಆ ಖಾಲಿ ಜಾಗವನ್ನು ತುಂಬಿದಳು. ತುತ್ತೂರಿ, "ಮೊದಲ ದಿನ ಅಲ್ವಾ" ಎಂದು ಬೆನ್ನು ತಟ್ಟಿದ. ಹಿಂದೆ ತಪ್ಪಿದರೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ ಮನುಷ್ಯ. ಆ ಬೆನ್ನು ತಟ್ಟಿದ್ದು ಕಡ್ಡಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆದರೂ ಮುಂದಿನ ಭಾನುವಾರ ಹೋದ. ಅದರ ಮುಂದಿನದಕ್ಕೂ ಹೋದ. ನಿಲ್ಲಿಸದೆ ನುಡಿಸುವಷ್ಟಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಓಡಲು ಹೋಗುತ್ತಿರಲಿಲ್ಲ. ಮಕ್ಕಳಿಗೆ ಹೇಳಿಕೊಡುವ ಹಾಗೆ ಸುರಕ್ಷಿತವಾಗಿ, ಅಚ್ಚುಕಟ್ಟಾಗಿ ನುಡಿಸಿ ಮುಗಿಸುತ್ತಿದ್ದ.

ಒಂದು ಭಾನುವಾರ ಅತ್ತಿಗೆ ಬಂದಳು. ಮುಂದಿನ ಮೇಜಿನಲ್ಲಿ ಒಬ್ಬಳೇ ಕೂತು, ತಣ್ಣಗಾದ ಕಾಫಿ ಮುಂದಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ಹೊರಗೆ ಬಂದ ಮೇಲೆ ಇಬ್ಬರೂ ಬಸ್ಸಿಗೆ ನಿಂತರು. ಅವಳು ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿದಳು.

"ಹೇಗಿತ್ತು ಅತ್ತಿಗೆ?"

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ ಹೇಳು."

"ಪರವಾಗಿಲ್ಲ. ಮೊದಲಿನ ಹಾಗಿಲ್ಲ."

"ಇಲ್ಲ," ಎಂದ ಕಡ್ಡಿ.

"ಹೋಗೋದನ್ನ ಬಿಡ್ತೀಯಾ?"

"ಇಲ್ಲ. ಮನೇಲಿ ಕೂತು ಏನು ಮಾಡ್ಲಿ?"

ಬಸ್ಸು ಬಂತು. ಕೂರಲು ಒಂದೇ ಜಾಗ ಸಿಕ್ಕಿತು. ಅತ್ತಿಗೆ ಕೂತು, ಕೈ ಚಾಚಿ ಗಿಟಾರನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಅವನು ಅವಳ ಪಕ್ಕ ಸರಳು ಹಿಡಿದು ನಿಂತ. ಮರುದಿನ ಸೋಮವಾರ, ಕೆಳಗಿನ ತರಗತಿಗೆ ಹೊಸ ಮಕ್ಕಳು ಬರುವವರಿದ್ದರು. ಗಿಟಾರ್ ಹೇಗೆ ಹಿಡಿಯಬೇಕು ಎಂಬಲ್ಲಿಂದ ಮತ್ತೆ ಶುರುಮಾಡಬೇಕಾಗಿತ್ತು.